‘ಪುಟ್’ ಎಂಬ ಪುಟ್ಟ ಕ್ರಿಯಾಪದ

‘ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು’ ಎಂಬ ಗಾದೆ ಮನುಷ್ಯರಿಗೆ ಎಷ್ಟರಮಟ್ಟಿಗೆ ಒಪ್ಪುವುದೋ ನಾನರಿಯೆ. ಇಂಗ್ಲಿಷಿನ ಕೆಲವು ಪದಗಳಿಗಂತೂ ಅದು ಅಕ್ಷರಶಃ ಒಪ್ಪುತ್ತದೆ. ಆ ಭಾಷೆಯಲ್ಲಿ ನಮ್ಮನ್ನು ಹೆದರಿಸುವುದು ಉದ್ದುದ್ದನೆಯ ಪದಗಳೆಂದು ಎಲ್ಲರೂ ತಿಳಿದಿದ್ದಾರೆ. ವಾಸ್ತವವಾಗಿ ಹಾಗಲ್ಲ. ‘ಕಾನ್‌ಸ್ಟಿಟ್ಯೂಷನ್’ ಎಂಬಂಥ ಪದ ನೋಡಲು ಭೀಮಕಾಯವೇ ಸರಿ. ಆದರೆ ಅದಕ್ಕಿರುವುದು ಎರಡೋ ಮೂರೋ ಅರ್ಥ. ನಿಘಂಟನ್ನು ಒಮ್ಮೆ ತೆರೆದರೆ ಅದು ತಾನಾಗಿ ಶರಣಾಗುತ್ತದೆ. ‘ಗೆಟ್’, ‘ಸೆಟ್’, ‘ಟೇಕ್’, ‘ಪುಟ್’ ಎಂಬ ಗುಬ್ಬಚ್ಚಿಯಂಥ ಪದಗಳನ್ನು ಹುಡುಕಹೊರಟವರ ಪಾಡೇ ಬೇರೆ. ಪುಟದ ಮೇಲೆ ಪುಟ ಮಗುಚಿದರೂ ಅರ್ಥಗಳು ಮುಗಿಯುವುದಿಲ್ಲ. 1989ರಲ್ಲಿ ಹೊರಬಂದ ಆಕ್ಸ್‌ಫರ್ಡ್ ಮಹಾನಿಘಂಟಿನ ಎರಡನೆಯ ಆವೃತ್ತಿಯಲ್ಲಿ ಎಲ್ಲ ಪದಗಳಿಗಿಂತ ಹೆಚ್ಚು ಸ್ಥಳವನ್ನು ಆಕ್ರಮಿಸಿದ್ದು ಮೂರೇ ಅಕ್ಷರಗಳ ‘ಸೆಟ್’ ಎಂಬ ಪದ!

ಈ ಗುಂಪಿನಿಂದ ನಾನು ‘ಪುಟ್’ ಎಂಬುದೊಂದನ್ನೇ ಆರಿಸಿಕೊಂಡಿದ್ದೇನೆ. ನಮ್ಮ ಕಾಲೇಜಿನಲ್ಲಿ ಬಹುಮಂದಿ ಕನ್ನಡ ಮಾಧ್ಯಮದಿಂದ ಬಂದವರು. ಇಂಗ್ಲಿಷ್ ಪತ್ರಿಕೆಯಲ್ಲಿ ಪಾಠದ ಪ್ರಶ್ನೆಗಳಿಗೆ ಹೇಗೋ ಉತ್ತರ ಬರೆಯುತ್ತೇವೆ. ಆದರೆ ಪರೀಕ್ಷೆಯ ಆಚೆಗೆ, ಅರ್ಜಿ, ಸಂದರ್ಶನ, ಕಚೇರಿ, ಬ್ಯಾಂಕು, ಆಸ್ಪತ್ರೆಗಳಲ್ಲಿ ನಮಗೆ ಎದುರಾಗುವ ಇಂಗ್ಲಿಷ್ ಪಠ್ಯಪುಸ್ತಕದ್ದಲ್ಲ; ಅದು ಇಂಥ ಚಿಕ್ಕ ಪದಗಳಿಂದಲೇ ನೇಯ್ದದ್ದು. ಆದ್ದರಿಂದ ಈ ವಿಷಯವನ್ನು ಕುರಿತು ನಾನು ಓದಿ, ಅಧ್ಯಾಪಕರನ್ನು ಕೇಳಿ, ಯೋಚಿಸಿ ತಿಳಿದುಕೊಂಡಷ್ಟನ್ನು ಸಹಪಾಠಿಗಳೊಡನೆ ಹಂಚಿಕೊಳ್ಳುವುದು ಉಚಿತವೆಂದು ತೋರಿತು.

ಮೊದಲು ಉಚ್ಚಾರಣೆ. ‘ಬಿ ಯು ಟಿ’ ಬಟ್ ಆದರೆ ‘ಪಿ ಯು ಟಿ’ ಪಟ್ ಏಕಾಗಲಿಲ್ಲ ಎಂಬ ಹಾಸ್ಯ ನಮ್ಮ ದೇಶದಲ್ಲೆಲ್ಲ ಪ್ರಸಿದ್ಧವಾಗಿದೆ. ಹಾಸ್ಯದ ಹಿಂದೆ ಚರಿತ್ರೆಯೂ ಇದೆ. ಒಂದು ಕಾಲದಲ್ಲಿ ಎರಡೂ ಪದಗಳಲ್ಲಿ ಇದ್ದದ್ದು ‘ಉ’ಕಾರವೇ. ಸುಮಾರು 17ನೆಯ ಶತಮಾನದಲ್ಲಿ ದಕ್ಷಿಣ ಇಂಗ್ಲೆಂಡಿನವರ ಬಾಯಲ್ಲಿ ಬಹಳ ಪದಗಳ ‘ಉ’ಕಾರ ಬದಲಾಗಿ ‘ಅ’ಕಾರದ ಹತ್ತಿರ ಬಂದಿತು, ‘ಪುಟ್’, ‘ಪುಲ್’, ‘ಫುಲ್’, ‘ಬುಲ್’ ಮೊದಲಾದ ಕೆಲವು ಮಾತ್ರ ಹಳೆಯ ಧ್ವನಿಯನ್ನು ಬಿಡದೆ ಉಳಿಸಿಕೊಂಡವು. ಉತ್ತರ ಇಂಗ್ಲೆಂಡಿನಲ್ಲಿ ಇಂದಿಗೂ ‘ಬಟ್’ ಎಂಬುದನ್ನು ‘ಬುಟ್’ ಎಂಬಂತೆ ಉಚ್ಚರಿಸುವ ಜನರಿದ್ದಾರೆ. ಅಂದರೆ ನಾವು ನಗುವ ಈ ವ್ಯತ್ಯಾಸ ಯಾರದೋ ಹುಚ್ಚಾಟವಲ್ಲ. ಅರ್ಧ ಮುಗಿದು ನಿಂತ ಒಂದು ಬದಲಾವಣೆ.

ಇನ್ನು ಅರ್ಥ. ‘ಪುಟ್’ ಎಂದರೆ ‘ಇಡು’ ಎಂದು ನಮಗೆ ಪ್ರಾಥಮಿಕ ಶಾಲೆಯಲ್ಲಿಯೇ ಹೇಳಿಕೊಡುತ್ತಾರೆ. ಆದರೆ ಹಳೆಯ ಇಂಗ್ಲಿಷಿನಲ್ಲಿ ಅದರ ಅರ್ಥ ‘ನೂಕು, ತಳ್ಳು’ ಎಂದಿತ್ತು. ಇದಕ್ಕೆ ಸಾಕ್ಷಿಯನ್ನು ಬಹಳ ದೂರ ಹುಡುಕಬೇಕಾಗಿಲ್ಲ. ನಮ್ಮ ಕ್ರೀಡಾದಿನದಂದು ಮೈದಾನದಲ್ಲಿಯೇ ಸಿಕ್ಕುತ್ತದೆ. ‘ಷಾಟ್‌ಪುಟ್’ ಆಟದಲ್ಲಿ ಗುಂಡನ್ನು ಚೆಂಡಿನಂತೆ ಬೀಸಿ ಎಸೆಯಕೂಡದು. ಹೆಗಲ ಬಳಿಯಿಂದ ಒಂದೇ ಕೈಯಲ್ಲಿ ಮುಂದಕ್ಕೆ ತಳ್ಳಬೇಕು. ಆ ಹೆಸರಿನಲ್ಲಿ ಪದದ ಹಳೆಯ ಪ್ರಾಣ ಇನ್ನೂ ಮಿಡಿಯುತ್ತಿದೆ.

ರೂಪದಲ್ಲಿ ಈ ಪದ ಬಹಳ ಸಾಧು. ವರ್ತಮಾನಕ್ಕೂ ಪುಟ್, ಭೂತಕ್ಕೂ ಪುಟ್, ಭೂತಕೃದಂತಕ್ಕೂ ಪುಟ್. ‘ದೆ ಪುಟ್ ಅಪ್ ದಿ ನೋಟೀಸ್’ ಎಂದರೆ ಅವರು ನೋಟೀಸು ಹಾಕುತ್ತಾರೆಯೋ ಹಾಕಿದರೋ ಎಂಬುದನ್ನು ಹಿಂದುಮುಂದಿನ ಮಾತಿನಿಂದಲೇ ಊಹಿಸಬೇಕು. ‘ಹಿ ಪುಟ್ಸ್’ ಎಂದಾಗ ಮಾತ್ರ ವರ್ತಮಾನವೆಂಬುದು ಖಚಿತ. ಆದರೆ ಈ ಸಾಧು ಪ್ರಾಣಿಯ ಬೆನ್ನಿಗೆ ಅಪ್, ಆಫ್, ಔಟ್, ಆನ್, ಡೌನ್ ಎಂಬ ಬಾಲಗಳಲ್ಲಿ ಒಂದನ್ನು ಕಟ್ಟಿದೊಡನೆ ಅದು ಬೇರೊಂದೇ ಪ್ರಾಣಿಯಾಗಿ ಓಡತೊಡಗುತ್ತದೆ. ಹೀಗೆ ಕ್ರಿಯಾಪದವೂ ಅದರ ಬಾಲವೂ ಕೂಡಿ ಹೊಸ ಅರ್ಥ ಹುಟ್ಟುವ ಪ್ರಯೋಗಕ್ಕೆ ಇಂಗ್ಲಿಷಿನಲ್ಲಿ ‘ಫ್ರೇಸಲ್ ವರ್ಬ್’ ಎಂದು ಹೆಸರು. ಈ ಹೆಸರನ್ನು ಲೋಗನ್ ಪಿಯರ್ಸಾಲ್ ಸ್ಮಿತ್ ಎಂಬ ಲೇಖಕರು 1925ರ ತಮ್ಮ ಪುಸ್ತಕದಲ್ಲಿ ಬಳಕೆಗೆ ತಂದರು. ಅವರಿಗೆ ಅದನ್ನು ಸೂಚಿಸಿದವರು ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕರಲ್ಲೊಬ್ಬರಾದ ಹೆನ್ರಿ ಬ್ರ್ಯಾಡ್ಲಿ. ಹೆಸರು ಹೊಸದಾದರೂ ತೊಡಕು ಹಳೆಯದು. 1755ರಲ್ಲಿ ತಮ್ಮ ಮಹಾನಿಘಂಟನ್ನು ಪ್ರಕಟಿಸಿದ ಡಾಕ್ಟರ್ ಜಾನ್ಸನ್ನರು ಪೀಠಿಕೆಯಲ್ಲಿಯೇ, ಪರದೇಶದವರಿಗೆ ತಮ್ಮ ಭಾಷೆಯಲ್ಲಿ ಅತ್ಯಂತ ಕಷ್ಟವಾಗುವುದು ಇಂಥ ಜೋಡಣೆಗಳೇ ಎಂದು ಒಪ್ಪಿಕೊಂಡಿದ್ದಾರೆ. ಆದುದರಿಂದ ನಮಗೆ ಇದು ಕಷ್ಟವೆನಿಸಿದರೆ ಅದು ನಮ್ಮ ದಡ್ಡತನದ ಗುರುತಲ್ಲ.

ಹಾಗಾದರೆ ಈ ಪದ್ಧತಿ ನಮಗೆ ತೀರ ಅಪರಿಚಿತವೇ? ಖಂಡಿತ ಅಲ್ಲ. ಸಂಸ್ಕೃತದಲ್ಲಿ ‘ಧಾ’ ಎಂಬ ಧಾತುವಿದೆ. ಅದರ ಅರ್ಥವೂ ‘ಇಡು’ ಎಂದೇ. ಅದರ ಮುಂದೆ ಒಂದೊಂದು ಉಪಸರ್ಗವನ್ನು ಸೇರಿಸುತ್ತ ಹೋಗಿ: ವಿಧಾನ, ಸಂಧಾನ, ಸಮಾಧಾನ, ಅವಧಾನ, ಅಭಿಧಾನ, ಪರಿಧಾನ. ಒಂದು ಕ್ರಮ, ಒಂದು ರಾಜಿ, ಒಂದು ನೆಮ್ಮದಿ, ಒಂದು ಏಕಾಗ್ರತೆ, ಒಂದು ಹೆಸರು, ಒಂದು ಉಡುಪು! ‘ಇಡು’ ಎಂಬ ಒಂದೇ ಬೀಜದಿಂದ ಇಷ್ಟು ಬಗೆಯ ಮರಗಳು. ‘ಪರಿ’ ಎಂದರೆ ಸುತ್ತಲೂ; ಮೈಸುತ್ತ ಇಟ್ಟುಕೊಂಡದ್ದು ಪರಿಧಾನ; ಇಂಗ್ಲಿಷರ ‘ಪುಟ್ ಆನ್’ ಕೂಡ ಮೈಮೇಲೆ ಇಟ್ಟುಕೊಳ್ಳುವುದೇ. ಲ್ಯಾಟಿನ್ ಭಾಷೆಯಲ್ಲಿಯೂ ‘ಪೋನೆರೆ’ ಎಂಬ ‘ಇಡು’ ಅರ್ಥದ ಕ್ರಿಯಾಪದವಿದೆ. ನಾವು ದಿನವೂ ಆಡುವ ‘ಪೋಸ್ಟ್‌ಪೋನ್’ ಎಂದರೆ ‘ಬಳಿಕಕ್ಕೆ ಇಡು’. ಬ್ಯಾಂಕಿನ ‘ಡಿಪಾಸಿಟ್’ ಎಂದರೆ ‘ಕೆಳಗೆ ಇಟ್ಟದ್ದು’. ಸಂಸ್ಕೃತ ಮತ್ತು ಲ್ಯಾಟಿನ್ನುಗಳು ಮುಂದೆ ಸೇರಿಸುವುದನ್ನು ಇಂಗ್ಲಿಷ್ ಹಿಂದೆ ಸೇರಿಸುತ್ತದೆ. ಹೆಚ್ಚು ಕಡಿಮೆ ಇಷ್ಟೇ ಭೇದ. ಹಳೆಯ ಇಂಗ್ಲಿಷಿನಲ್ಲಿಯೂ ಮುಂದೆ ಸೇರಿಸುವ ಕ್ರಮ ಪ್ರಬಲವಾಗಿತ್ತು. ‘ಅಂಡರ್‌ಸ್ಟ್ಯಾಂಡ್’, ‘ವಿತ್‌ಸ್ಟ್ಯಾಂಡ್’ ಎಂಬ ಪದಗಳು ಅದರ ಪಳೆಯುಳಿಕೆಗಳು. ಕಾಲಕ್ರಮದಲ್ಲಿ ಆ ಪದ್ಧತಿ ಕ್ಷೀಣಿಸಿ, ಬಾಲವಾಗಿ ಸೇರಿಸುವ ಪದ್ಧತಿ ಬೆಳೆಯಿತು.

ಅಚ್ಚಗನ್ನಡದಲ್ಲಿಯೂ ಇದರ ನೆಂಟನೊಬ್ಬನಿದ್ದಾನೆ. ಅವನೇ ‘ಹಾಕು’. ಬೀಗ ಹಾಕುತ್ತೇವೆ, ರುಜು ಹಾಕುತ್ತೇವೆ, ಅರ್ಜಿ ಹಾಕುತ್ತೇವೆ, ಬಂದವರಿಗೆ ಊಟ ಹಾಕುತ್ತೇವೆ. ಕೋಳಿ ಮೊಟ್ಟೆ ಹಾಕುತ್ತದೆ. ಕೋಪ ಬಂದವರು ಶಾಪ ಹಾಕುತ್ತಾರೆ. ಮತ್ತೊಂದು ಕ್ರಿಯೆಯ ಜೊತೆಗೆ ಸೇರಿದಾಗಲಂತೂ ಕೇಳುವುದೇ ಬೇಡ. ತಳ್ಳಿಹಾಕು, ಮುಚ್ಚಿಹಾಕು, ಕೂಡಿಹಾಕು, ತೆಗೆದುಹಾಕು. ‘ಹಗರಣವನ್ನು ಮುಚ್ಚಿಹಾಕಿದರು’ ಎಂಬಲ್ಲಿ ಯಾವ ಮುಚ್ಚಳವೂ ಇಲ್ಲ. ‘ನನ್ನ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಿ’ ಎಂದು ಬೇಡುವವನು ತಿನ್ನಲು ಏನನ್ನೂ ಕೊಡುವುದಿಲ್ಲ. ಕನ್ನಡ ಕಲಿಯಬಂದ ಒಬ್ಬ ಆಂಗ್ಲನ ಸ್ಥಿತಿಯನ್ನು ಊಹಿಸಿಕೊಳ್ಳಿ! ನಮ್ಮ ‘ಹಾಕು’ ಅವನಿಗೆ ಎಷ್ಟು ಕಷ್ಟವೋ ಅವನ ‘ಪುಟ್’ ನಮಗೆ ಅಷ್ಟೇ ಕಷ್ಟ. ಇಬ್ಬರ ಲೆಕ್ಕವೂ ಸಮ.

ಇನ್ನು ಪುಟ್ಟನ ಸಂಸಾರವನ್ನು ಒಂದೊಂದಾಗಿ ಪರಿಚಯ ಮಾಡಿಕೊಳ್ಳೋಣ.

ಹಿರಿಯ ಮಗ ‘ಪುಟ್ ಅಪ್’. ಇವನ ಮೂಲಾರ್ಥ ಮೇಲಕ್ಕೆತ್ತುವುದು, ನಿಲ್ಲಿಸುವುದು. ತರಗತಿಯಲ್ಲಿ ಕೈ ಎತ್ತುವುದು, ಮಳೆ ಬಂದಾಗ ಕೊಡೆ ಬಿಚ್ಚುವುದು, ಮದುವೆಗೆ ಚಪ್ಪರ ಹಾಕುವುದು, ಊರಿನಲ್ಲಿ ಪ್ರತಿಮೆ ನಿಲ್ಲಿಸುವುದು, ಫಲಕದಲ್ಲಿ ನೋಟೀಸು ಅಂಟಿಸುವುದು ಎಲ್ಲವೂ ‘ಪುಟ್ ಅಪ್’. ಇಲ್ಲಿಂದ ಒಂದು ಹೆಜ್ಜೆ ಮುಂದೆ ಹೋದರೆ, ಮನೆಯ ಬಾಡಿಗೆಯನ್ನೋ ಸಾಮಾನಿನ ಬೆಲೆಯನ್ನೋ ಏರಿಸುವುದು. ಇನ್ನೊಂದು ಹೆಜ್ಜೆ ಇಟ್ಟರೆ, ಎಲ್ಲರ ಕಣ್ಣಿಗೆ ಬೀಳುವಂತೆ ಮುಂದೆ ತಂದು ನಿಲ್ಲಿಸುವುದು: ಪಕ್ಷದವರು ಚುನಾವಣೆಗೆ ಅಭ್ಯರ್ಥಿಯನ್ನು ನಿಲ್ಲಿಸುತ್ತಾರೆ, ಸಾಲಗಾರನ ಮನೆಯನ್ನು ಹರಾಜಿಗೆ ಇಡುತ್ತಾರೆ. ವ್ಯಾಪಾರಕ್ಕೆ ಬಂಡವಾಳ ಹೂಡುವುದೂ, ದುರ್ಬಲನಾದರೂ ಬಿಡದೆ ಸೆಣಸುವುದೂ ‘ಪುಟ್ ಅಪ್’ ತಾನೆ. ಇವೆಲ್ಲಕ್ಕೂ ‘ಮೇಲೆ’ ಎಂಬ ಒಂದೇ ದಾರ ಪೋಣಿಸಿಕೊಂಡಿರುವುದನ್ನು ವಾಚಕರು ಗಮನಿಸಬೇಕು.

ತಂಗುವುದು, ಬಂದವರನ್ನು ಇಳಿಸಿಕೊಳ್ಳುವುದು ಎಂಬ ಅರ್ಥವೂ ಇದಕ್ಕುಂಟು. ‘ವಿ ಪುಟ್ ಹಿಮ್ ಅಪ್ ಫಾರ್ ದಿ ನೈಟ್’ ಎಂದರೆ ಆ ರಾತ್ರಿ ಅವನಿಗೆ ನಮ್ಮಲ್ಲಿ ಮಲಗಲು ಜಾಗ ಕೊಟ್ಟೆವು ಎಂದರ್ಥ. ಸಂದರ್ಶನಗಳಲ್ಲಿ ‘ವೇರ್ ಆರ್ ಯು ಪುಟ್ ಅಪ್?’ ಎಂದು ಕೇಳುವುದುಂಟು. ಇಂಗ್ಲೆಂಡಿನಲ್ಲಿ ಈ ಪ್ರಯೋಗ ನಾಲ್ಕು ದಿನ ತಂಗುವುದಕ್ಕೆ ಸಲ್ಲುತ್ತದೆ. ನಮ್ಮ ದೇಶದಲ್ಲಿ ಕಾಯಂ ವಾಸಕ್ಕೂ ಇದನ್ನೇ ಹೇಳುತ್ತೇವೆ. ಹಾಗೆಯೇ ನಮ್ಮ ಕಚೇರಿಗಳ ‘ಪುಟ್ ಅಪ್’ ಒಂದು ವಿಶೇಷ ತಳಿ. ಗುಮಾಸ್ತರು ಟಿಪ್ಪಣಿ ಬರೆದು ಕಡತವನ್ನು ಮೇಲಧಿಕಾರಿಯ ಮುಂದಿಡುವುದಕ್ಕೆ ಈ ಹೆಸರು. 1963ರ ರಾಜಭಾಷಾ ಅಧಿನಿಯಮದ ಬಳಿಕ ಕಡತಗಳ ಭಾಷೆ ಕ್ರಮೇಣ ಕನ್ನಡವಾಗಿ ‘ಮಂಡಿಸಿ’ ಎಂಬ ಸೊಗಸಾದ ಮಾತು ಬಂದಿದೆ. ಆದರೂ ‘ಫೈಲು ಪುಟ್ ಅಪ್ ಮಾಡಿ’ ಎಂಬ ಮಾತು ಬಾಯಿಂದ ಬಾಯಿಗೆ ಇನ್ನೂ ಓಡಾಡುತ್ತಲೇ ಇದೆ. ನಮ್ಮಲ್ಲಿ ಹಲವರು ನಾಳೆ ಆ ಮೇಜುಗಳ ಮುಂದೆಯೇ ಕುಳಿತುಕೊಳ್ಳಬೇಕಾದವರು.

‘ಪುಟ್ ಅಪ್’ಗೆ ‘ಟು’ ಸೇರಿದರೆ ಚಿತಾವಣೆ. ‘ಹೂ ಪುಟ್ ಯು ಅಪ್ ಟು ದಿಸ್?’ ಎಂದರೆ ‘ನಿನ್ನನ್ನು ಈ ಕೆಲಸಕ್ಕೆ ಎತ್ತಿಕಟ್ಟಿದವರಾರು?’ ಎಂದರ್ಥ. ಎತ್ತುವುದು ಎಂಬ ಕಲ್ಪನೆ ಎರಡು ಭಾಷೆಗಳಲ್ಲಿಯೂ ಒಂದೇ ಆಗಿರುವುದು ಎಂಥ ಸೋಜಿಗ!

ಎರಡನೆಯವನು ‘ಪುಟ್ ಆನ್’. ಇವನ ಮುಂದೆ ಕನ್ನಡದ ಶ್ರೀಮಂತಿಕೆ ಎದ್ದು ಕಾಣುತ್ತದೆ. ನಾವು ಸೀರೆ ಉಡುತ್ತೇವೆ, ಅಂಗಿ ತೊಡುತ್ತೇವೆ, ಹೂ ಮುಡಿಯುತ್ತೇವೆ, ಶಾಲು ಹೊದೆಯುತ್ತೇವೆ, ಪೇಟ ಸುತ್ತುತ್ತೇವೆ, ಚಪ್ಪಲಿ ಮೆಟ್ಟುತ್ತೇವೆ, ಕುಂಕುಮ ಇಡುತ್ತೇವೆ, ಕಾಡಿಗೆ ಹಚ್ಚುತ್ತೇವೆ. ಇಂಗ್ಲಿಷರು ಇಷ್ಟನ್ನೂ ‘ಪುಟ್ ಆನ್’ ಎಂಬ ಒಂದೇ ಗೂಟಕ್ಕೆ ನೇತುಹಾಕುತ್ತಾರೆ. ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ‘ಪುಟ್ ಆನ್’ ಎಂಬುದು ಉಡುವ ಕ್ರಿಯೆ. ಉಟ್ಟಿರುವ ಸ್ಥಿತಿಗೆ ‘ವೇರ್’ ಎಂದೇ ಹೇಳಬೇಕು. ಬಿಳಿಯ ಅಂಗಿ ತೊಟ್ಟು ಎದುರಿಗೆ ನಿಂತವನನ್ನು ತೋರಿಸಿ ‘ಹಿ ಈಸ್ ಪುಟ್ಟಿಂಗ್ ಆನ್ ಎ ವೈಟ್ ಷರ್ಟ್’ ಎಂದರೆ, ಅವನು ನಮ್ಮ ಕಣ್ಣೆದುರಿಗೇ ತೋಳು ತೂರಿಸುತ್ತಿದ್ದಾನೆ ಎಂದಾಗುತ್ತದೆ. ‘ಉಡು’ ಮತ್ತು ‘ಉಟ್ಟಿರು’ ಎಂಬ ನಮ್ಮ ಭೇದವನ್ನು ನೆನೆದರೆ ಇದು ಮರೆಯುವಂತಿಲ್ಲ. ಇದಲ್ಲದೆ ದೀಪ ಹಾಕುವುದು, ನಾಟಕ ಆಡಿಸುವುದು, ಮೈ ಬರುವುದು, ಇಲ್ಲದ ಭಾವವನ್ನು ನಟಿಸುವುದು ಇವೂ ‘ಪುಟ್ ಆನ್’ ಎನಿಸುತ್ತವೆ.

‘ಪುಟ್ ಔಟ್’ ಎಂದರೆ ಹೊರಗಿಡುವುದು. ಅಷ್ಟೇ ಅಲ್ಲ, ಬೆಂಕಿಯನ್ನೋ ದೀಪವನ್ನೋ ಆರಿಸುವುದು. ದೀಪ ಆರಿಸುವುದೆಂದು ಬಾಯಿಬಿಟ್ಟು ಹೇಳಲು ಹಿಂಜರಿದು ‘ಶಾಂತ ಮಾಡು’ ಎನ್ನುವ ಮನೆಗಳು ನಮ್ಮಲ್ಲಿವೆ. ಇಂಗ್ಲಿಷಿಗೆ ಆ ಸಂಕೋಚವಿಲ್ಲ. ‘ಷಿ ವಾಸ್ ಪುಟ್ ಔಟ್’ ಎಂದರೆ ಆಕೆಯನ್ನು ಹೊರಗೆ ಹಾಕಿದರೆಂದಲ್ಲ, ಆಕೆಗೆ ಬೇಸರವಾಯಿತೆಂದು. ‘ಪುಟ್ ಡೌನ್’ ಎಂದರೆ ಕೆಳಗಿಡುವುದು, ಬರೆದುಕೊಳ್ಳುವುದು, ಒಬ್ಬರನ್ನು ನಾಲ್ವರೆದುರು ಹೀಯಾಳಿಸುವುದು, ದಂಗೆಯನ್ನು ಅಡಗಿಸುವುದು. 1857ರ ಹೋರಾಟವನ್ನು ಕುರಿತ ಇಂಗ್ಲಿಷ್ ಚರಿತ್ರೆಗಳಲ್ಲಿ ಈ ಕೊನೆಯ ಅರ್ಥ ಮತ್ತೆ ಮತ್ತೆ ಸಿಕ್ಕುತ್ತದೆ. ‘ಪುಟ್ ಬೈ’ ಎಂದರೆ ಆಪತ್ಕಾಲಕ್ಕೆಂದು ನಾಲ್ಕು ಕಾಸು ಎತ್ತಿಡುವುದು. ‘ಪುಟ್ ಥ್ರೂ’ ಎಂಬುದು ಟ್ರಂಕ್ ಕರೆಗಳ ಕಾಲದಲ್ಲಿ ದೂರವಾಣಿ ಕೇಂದ್ರದವರು ಒಬ್ಬರ ತಂತಿಯನ್ನು ಇನ್ನೊಬ್ಬರಿಗೆ ಸೇರಿಸುತ್ತಿದ್ದ ಕೆಲಸ. ಆ ಕೇಂದ್ರಗಳು ಹೋದರೂ ಮಾತು ಉಳಿದಿದೆ. ಕ್ರಿಕೆಟ್ ಪ್ರಿಯರಿಗೆ ‘ಪುಟ್ ಇನ್’ ಗೊತ್ತೇ ಇದೆ: ಟಾಸ್ ಗೆದ್ದವರು ಎದುರಾಳಿಗಳನ್ನು ಮೊದಲು ಆಡಲು ಇಳಿಸುವುದು.

ಇನ್ನು ‘ಪುಟ್ ಆಫ್’. ಈ ಇಡೀ ಲೇಖನವನ್ನು ಬರೆಯಬೇಕೆಂದು ನನಗೆ ಮನಸ್ಸು ಬಂದದ್ದು ಇದೊಂದರ ಕಾರಣದಿಂದ. ನಮ್ಮ ಊರಿನಲ್ಲಿ ನಾವೆಲ್ಲರೂ ಅಣ್ಣ ಎಂದು ಕರೆಯುವ ಒಬ್ಬರಿದ್ದಾರೆ. ನಮ್ಮ ಕೇರಿಯಲ್ಲಿ ಮೊಟ್ಟಮೊದಲು ಬಿ.ಎ. ಮುಗಿಸಿದವರು ಅವರು. ಒಂದು ಖಾಸಗಿ ಸಂಸ್ಥೆಯಲ್ಲಿ ಕೆಲಸಕ್ಕೆ ಅರ್ಜಿ ಹಾಕಿದ್ದರು. ಸಂದರ್ಶನಕ್ಕೆ ಕರೆಯೂ ಬಂದಿತ್ತು. ತಾಯಿ ಸಾಲ ಮಾಡಿ ಹೊಸ ಷರಟು ಹೊಲಿಸಿದ್ದರು. ಹೊರಡಲು ಎರಡು ದಿನವಿರುವಾಗ ಮತ್ತೊಂದು ಕಾಗದ ಬಂದಿತು. ಸಂದರ್ಶನವನ್ನು ‘ಪುಟ್ ಆಫ್ ಟಿಲ್ ದಿ ಎಯ್ಟೀನ್ತ್’ ಎಂದು ಅದರಲ್ಲಿತ್ತು. ‘ಲೈಟು ಪುಟ್ ಆಫ್ ಮಾಡು’ ಎಂಬ ಮಾತನ್ನು ಹಾಸ್ಟೆಲಿನಲ್ಲಿ ದಿನವೂ ಕೇಳಿದವರು ಅವರು. ಹದಿನೆಂಟರವರೆಗೆ ಎಲ್ಲವೂ ಆರಿತು, ಅಂದರೆ ರದ್ದಾಯಿತು. ಆಮೇಲೆ ಹೊಸ ಕಾಗದ ಬರುತ್ತದೆ ಎಂದು ಅರ್ಥಮಾಡಿಕೊಂಡರು. ಹದಿನೆಂಟಕ್ಕೆ ಮುಂದೂಡಿದೆ, ಆ ದಿನ ಬನ್ನಿ ಎಂಬುದು ಅದರ ಅರ್ಥ. ಹದಿನೆಂಟು ಕಳೆಯಿತು, ತಿಂಗಳೂ ಕಳೆಯಿತು, ಕಾಗದ ಬರಲಿಲ್ಲ. ಷರಟು ಪೆಟ್ಟಿಗೆಯಲ್ಲಿಯೇ ಉಳಿಯಿತು. ಅಣ್ಣ ಈಗ ಊರಿನಲ್ಲಿಯೇ ಕಿರಾಣಿ ಅಂಗಡಿ ಇಟ್ಟುಕೊಂಡು ಮರ್ಯಾದೆಯಿಂದ ಬಾಳುತ್ತಿದ್ದಾರೆ, ಈ ಕಥೆಯನ್ನು ನಗುತ್ತಲೇ ಹೇಳುತ್ತಾರೆ. ಆದರೆ ಕಾಲೇಜಿಗೆ ಹೊರಟ ಪ್ರತಿಯೊಬ್ಬ ಹುಡುಗನಿಗೂ ಹುಡುಗಿಗೂ ತಪ್ಪದೆ ಹೇಳುತ್ತಾರೆ ಎಂಬುದನ್ನು ನಾನು ಗಮನಿಸಿದ್ದೇನೆ. ಇದರಲ್ಲಿ ಅವರ ತಪ್ಪೆಷ್ಟು, ನಮಗೆ ಭಾಷೆ ಕಲಿಸುವ ಕ್ರಮದ ತಪ್ಪೆಷ್ಟು ಎಂಬುದನ್ನು ವಾಚಕರೇ ತೂಗಿ ನೋಡಲಿ. ಮೂರೇ ಅಕ್ಷರದ ಒಂದು ಬಾಲಕ್ಕೆ ಒಬ್ಬರ ಬಾಳಿನ ದಾರಿಯನ್ನು ತಿರುಗಿಸುವ ಶಕ್ತಿಯಿದೆ ಎಂಬುದಂತೂ ನಿಜ.

ದೀಪಕ್ಕೆ ‘ಪುಟ್ ಆಫ್’ ಎನ್ನುವುದು ತಪ್ಪೆಂದು ನಾನು ಹೇಳುತ್ತಿಲ್ಲ. ‘ಸ್ವಿಚ್ ಆಫ್’, ‘ಟರ್ನ್ ಆಫ್’ ಎಂಬುವು ಹೆಚ್ಚು ರೂಢಿಯಲ್ಲಿರುವ ಮಾತುಗಳು. ದಿನವನ್ನೋ ಕೆಲಸವನ್ನೋ ಕುರಿತಾಗ ‘ಪುಟ್ ಆಫ್’ ಎಂದರೆ ಮುಂದೂಡುವುದು. ಮನುಷ್ಯರನ್ನು ಕುರಿತಾಗ ಅದರ ಅರ್ಥ ಉತ್ಸಾಹ ಕೆಡಿಸುವುದು, ಬೇಡವೆನ್ನಿಸುವುದು: ‘ದಿ ಸ್ಮೆಲ್ ಪುಟ್ ಮಿ ಆಫ್’ ಎಂದರೆ ಆ ವಾಸನೆಗೆ ನನಗೆ ತಿನ್ನುವ ಮನಸ್ಸೇ ಹೋಯಿತು ಎಂದರ್ಥ.

ಇಲ್ಲಿಯೇ ಕನ್ನಡಿಗರಿಗೆಂದೇ ತೋಡಿದ ಇನ್ನೊಂದು ಗುಂಡಿಯಿದೆ. ನಾವು ಸಭೆಯನ್ನು ‘ಮುಂದಕ್ಕೆ ಹಾಕಿದೆವು’ ಎನ್ನುತ್ತೇವೆ. ಅಂದರೆ ತಡವಾಗಿ ನಡೆಸುತ್ತೇವೆಂದು. ಇದನ್ನು ಪದಕ್ಕೆ ಪದವಾಗಿ ‘ಪುಟ್ ಫಾರ್ವರ್ಡ್’ ಎಂದು ತಿರುಗಿಸಿದರೆ ಕೆಟ್ಟಿತು. ಆ ಮಾತಿಗೆ ಸಲಹೆಯನ್ನು ಮುಂದಿಡು ಎಂಬ ಅರ್ಥವಿದೆ. ದಿನದ ವಿಷಯದಲ್ಲಿಯಾದರೆ ಇನ್ನೂ ಬೇಗ ನಡೆಸು ಎಂದೇ ಇಂಗ್ಲಿಷರು ತಿಳಿದುಕೊಳ್ಳುತ್ತಾರೆ. ತಡಮಾಡುವುದಕ್ಕೆ ಅವರು ‘ಪುಟ್ ಬ್ಯಾಕ್’ ಎನ್ನುತ್ತಾರೆ! ಸಭೆ ನಮ್ಮ ಕಡೆಗೆ ನಡೆದುಬರುತ್ತಿದೆ ಎಂದು ಅವರು ಭಾವಿಸುತ್ತಾರೆ. ಅದನ್ನು ಹಿಂದಕ್ಕೆ ನೂಕಿದರೆ ಬರುವುದು ತಡವಾಗುತ್ತದೆ. ನಾವು ಕಾಲದ ದಾರಿಯಲ್ಲಿ ಮುಂದೆ ನಡೆಯುತ್ತಿದ್ದೇವೆ ಎಂದು ಭಾವಿಸುತ್ತೇವೆ. ಸಭೆಯನ್ನು ಇನ್ನಷ್ಟು ಮುಂದಕ್ಕೆ ಎಸೆದರೆ ತಲಪುವುದು ತಡವಾಗುತ್ತದೆ. ಎರಡೂ ನ್ಯಾಯವೇ. ಒಂದು ಭಾಷೆಯ ನ್ಯಾಯವನ್ನು ಇನ್ನೊಂದಕ್ಕೆ ಹೊತ್ತೊಯ್ಯುವುದು ಮಾತ್ರ ಅಪಾಯ.

ವ್ಯಾಕರಣದ ಮೂರು ಸೂತ್ರಗಳನ್ನು ಇಲ್ಲಿ ಹೇಳಿಬಿಡುತ್ತೇನೆ. ಮೊದಲನೆಯದು: ನಾಮಪದವು ಬಾಲದ ಹಿಂದೆಯಾಗಲಿ ಮುಂದೆಯಾಗಲಿ ಬರಬಹುದು. ‘ಪುಟ್ ಆಫ್ ದಿ ಮೀಟಿಂಗ್’ ಎಂದರೂ ಸರಿ, ‘ಪುಟ್ ದಿ ಮೀಟಿಂಗ್ ಆಫ್’ ಎಂದರೂ ಸರಿ. ಎರಡನೆಯದು: ಸರ್ವನಾಮಕ್ಕೆ ಈ ಸ್ವಾತಂತ್ರ್ಯವಿಲ್ಲ, ಅದು ನಡುವೆಯೇ ಕೂರಬೇಕು. ‘ಪುಟ್ ಇಟ್ ಆಫ್’ ಸರಿ. ‘ಪುಟ್ ಆಫ್ ಇಟ್’ ತಪ್ಪು. ಮೂರನೆಯದು: ‘ಪುಟ್ ಆಫ್’ ಆದಮೇಲೆ ಇನ್ನೊಂದು ಕ್ರಿಯಾಪದ ಬಂದರೆ ಅದು ‘ಇಂಗ್’ ಎಂದು ಮುಗಿಯಬೇಕು. ‘ಹಿ ಪುಟ್ ಆಫ್ ಗೋಯಿಂಗ್’ ಎನ್ನಬೇಕೇ ಹೊರತು ‘ಟು ಗೋ’ ಎನ್ನಕೂಡದು.

ಎರಡನೆಯ ಸೂತ್ರಕ್ಕೆ ತಲೆಬಾಗದವನೊಬ್ಬನಿದ್ದಾನೆ. ಅವನೇ ಈ ಸಂಸಾರದ ಕಿರಿಯ, ಎರಡು ಬಾಲಗಳ ‘ಪುಟ್ ಅಪ್ ವಿತ್’. ಇವನ ನಡುವೆ ಯಾರಿಗೂ ಜಾಗವಿಲ್ಲ. ‘ಪುಟ್ ಅಪ್ ವಿತ್ ಇಟ್’ ಎಂದೇ ಹೇಳಬೇಕು. ಅರ್ಥ, ಸಹಿಸಿಕೊಳ್ಳುವುದು. ಹೊಟ್ಟೆಗೆ ಹಾಕಿಕೊಳ್ಳುವುದೆಂಬ ನಮ್ಮ ಮಾತು ಇದರ ನೆರೆಮನೆಯದು. ಆದರೆ ಅದರಲ್ಲಿ ಕ್ಷಮೆಯಿದೆ, ಇದರಲ್ಲಿ ಬೇರೆ ದಾರಿಯಿಲ್ಲದ ತಾಳ್ಮೆಯಿದೆ. ಈ ಪ್ರಯೋಗದ ಸುತ್ತ ಒಂದು ವಿನೋದವೂ ಬೆಳೆದಿದೆ. ವಾಕ್ಯವನ್ನು ಇಂಥ ಬಾಲದ ಪದದಿಂದ ಮುಗಿಸಕೂಡದೆಂಬ ಒಂದು ಮಡಿ ಇಂಗ್ಲಿಷಿನಲ್ಲಿ ಬಹುಕಾಲ ಇತ್ತು. ಕವಿ ಡ್ರೈಡನ್ 1672ರಲ್ಲಿ ಬೆನ್ ಜಾನ್ಸನ್ನನ ಬರಹದಲ್ಲಿ ಇದನ್ನು ದೋಷವೆಂದು ಎತ್ತಿ ತೋರಿಸಿದ್ದನು. ಆ ಮಡಿಯನ್ನು ಇಲ್ಲಿ ಪಾಲಿಸಿದರೆ ‘ಅಪ್ ವಿತ್ ವಿಚ್ ಐ ವಿಲ್ ನಾಟ್ ಪುಟ್’ ಎಂಬ ವಿಕಾರ ಹುಟ್ಟುತ್ತದೆ. ಚರ್ಚಿಲ್ಲರು ಹೀಗೆ ಬರೆದು ವ್ಯಾಕರಣದ ಮಡಿವಂತರನ್ನು ಗೇಲಿ ಮಾಡಿದರೆಂಬ ಕಥೆ ಪ್ರಚಾರದಲ್ಲಿದೆ. ಅವರೇ ಬರೆದರೆಂಬುದಕ್ಕೆ ಗಟ್ಟಿಯಾದ ಆಧಾರ ದೊರೆತಿಲ್ಲ. ಮಾತು ಯಾರದಾದರೂ ಅದರ ಪಾಠ ಸರಿಯಾಗಿಯೇ ಇದೆ: ಕ್ರಿಯಾಪದವನ್ನೂ ಬಾಲವನ್ನೂ ಅಗಲಿಸಿದರೆ ಪ್ರಾಣ ಹೋಗುತ್ತದೆ.

ಇವನ್ನೆಲ್ಲ ಕಲಿಯುವ ಬಗೆ ಹೇಗೆ? ಪಟ್ಟಿ ಮಾಡಿ ಉರು ಹೊಡೆದರೆ ಪರೀಕ್ಷೆಯ ಮರುದಿನ ಎಲ್ಲವೂ ಹಾರಿಹೋಗುತ್ತದೆ. ನಾನು ಅನುಸರಿಸುತ್ತಿರುವ ಕ್ರಮ ಸರಳವಾದದ್ದು. ಒಂದು ನೋಟುಪುಸ್ತಕದಲ್ಲಿ ಒಂದೊಂದು ಬಾಲಕ್ಕೆ ಒಂದೊಂದು ಹಾಳೆ ಮೀಸಲಿಟ್ಟಿದ್ದೇನೆ. ವಾಚನಾಲಯದಲ್ಲಿ ಇಂಗ್ಲಿಷ್ ದಿನಪತ್ರಿಕೆ ಓದುವಾಗ ಎದುರಾದ ವಾಕ್ಯವನ್ನು ಇಡಿಯಾಗಿ ಬರೆದುಕೊಂಡು, ಅದರ ಕೆಳಗೆ ನನ್ನ ಮನೆ, ನನ್ನ ಊರು, ನನ್ನ ಬಸ್ಸಿಗೆ ಸಂಬಂಧಿಸಿದ ಒಂದು ವಾಕ್ಯವನ್ನು ನಾನೇ ರಚಿಸುತ್ತೇನೆ. ಮಗ್ಗುಲಲ್ಲಿ ಅದಕ್ಕೆ ಒಪ್ಪುವ ಕನ್ನಡದ ಮಾತನ್ನು ಹುಡುಕಿ ಬರೆಯುತ್ತೇನೆ. ‘ಎತ್ತಿಕಟ್ಟು’, ‘ಮುಂದೂಡು’, ‘ಕೀಳುಗಳೆ’ ಎಂಬ ಮಾತುಗಳು ಪಕ್ಕದಲ್ಲಿದ್ದರೆ ಇಂಗ್ಲಿಷ್ ಮಾತು ಪರಕೀಯವೆನಿಸುವುದಿಲ್ಲ. ನಿಘಂಟಿನ ವಿಷಯದಲ್ಲಿಯೂ ಒಂದು ಮಾತು. ಕಲಿಯುವವರಿಗೆಂದೇ ಎ. ಎಸ್. ಹಾರ್ನ್‌ಬಿ ಎಂಬ ಅಧ್ಯಾಪಕರು ಜಪಾನಿನಲ್ಲಿ ಪಾಠ ಹೇಳುತ್ತಿದ್ದ ಕಾಲದಲ್ಲಿ ಸಿದ್ಧಪಡಿಸಿ, 1942ರಲ್ಲಿ ಟೋಕಿಯೋದಲ್ಲಿಯೂ 1948ರಲ್ಲಿ ಆಕ್ಸ್‌ಫರ್ಡಿನವರಿಂದಲೂ ಪ್ರಕಟವಾದ ನಿಘಂಟು ಬೆಳೆದು ಬಂದು ಇಂದಿಗೂ ಬಳಕೆಯಲ್ಲಿದೆ. ಅದರಲ್ಲಿ ಪದದ ಅರ್ಥದ ಜೊತೆಗೆ ಪ್ರಯೋಗವೂ ಇರುತ್ತದೆ. ಕೈಫೋನಿನಲ್ಲಿಯೂ ಈಗ ನಿಘಂಟು ಸಿಕ್ಕುತ್ತದೆ. ಆದರೆ ‘ಪುಟ್’ ಒಂದನ್ನೇ ಹುಡುಕಿದರೆ ಫಲವಿಲ್ಲ, ಬಾಲಸಹಿತವಾಗಿ ಹುಡುಕಬೇಕು.

ಈ ಚಿಕ್ಕ ಪದಗಳ ಶಕ್ತಿಯನ್ನು ಇಂಗ್ಲಿಷರೂ ಅರಿತಿದ್ದರು. ಸಿ. ಕೆ. ಆಗ್ಡೆನ್ ಎಂಬ ವಿದ್ವಾಂಸರು 1930ರಲ್ಲಿ 850 ಪದಗಳ ಒಂದು ‘ಬೇಸಿಕ್ ಇಂಗ್ಲಿಷ್’ ರಚಿಸಿದಾಗ ಕೇವಲ 18 ಕ್ರಿಯಾಪದಗಳನ್ನು ಉಳಿಸಿಕೊಂಡರು. ಅವುಗಳಲ್ಲಿ ‘ಪುಟ್’ ಒಂದು. ನೂರಾರು ದೊಡ್ಡ ಕ್ರಿಯಾಪದಗಳ ಕೆಲಸವನ್ನು ಬಾಲದ ಸಹಾಯದಿಂದ ಈ ಪುಟ್ಟವೇ ಮಾಡಬಲ್ಲವೆಂಬುದು ಅವರ ನಂಬಿಕೆಯಾಗಿತ್ತು.

ಮಿತ್ರರೇ, ಕನ್ನಡದಲ್ಲಿ ‘ಹಾಕು’ ಎಂಬುದರ ನೂರು ವೇಷಗಳನ್ನು ಶಾಲೆಗೆ ಹೋಗುವ ಮೊದಲೇ ಅಮ್ಮನ ಬಾಯಿಂದ ಕಲಿತು ಮುಗಿಸಿದವರು ನಾವು. ಅದೇ ಬುದ್ಧಿಗೆ ‘ಪುಟ್’ ದಕ್ಕುವುದಿಲ್ಲವೆಂದರೆ ನಂಬತಕ್ಕ ಮಾತಲ್ಲ. ಬೇಕಾದದ್ದು ದಿನಕ್ಕೊಂದು ವಾಕ್ಯ, ಕೇಳಲು ಸಂಕೋಚಪಡದ ಮನಸ್ಸು, ಕೇಳಿದವರನ್ನು ನೋಡಿ ನಗದ ಸಹಪಾಠಿಗಳು. ಅಧ್ಯಾಪಕರಲ್ಲಿಯೂ ನನ್ನ ವಿನಯಪೂರ್ವಕವಾದ ಪ್ರಾರ್ಥನೆಯೊಂದಿದೆ: ಪದ್ಯದ ಸಾರಾಂಶದ ಜೊತೆಗೆ ವಾರಕ್ಕೊಮ್ಮೆ ಒಂದು ನೋಟೀಸು, ಒಂದು ಅರ್ಜಿ, ಒಂದು ಸಂದರ್ಶನದ ಕಾಗದವನ್ನು ನಮ್ಮಿಂದ ಓದಿಸಿ ಅರ್ಥ ಹೇಳಿಸಿದರೆ ಉಪಕಾರವಾಗುತ್ತದೆ. ಇಂಗ್ಲಿಷಿನ ತೊಡಕುಗಳನ್ನು ನಾವು ಸ್ವಲ್ಪಕಾಲ ‘ಪುಟ್ ಅಪ್ ವಿತ್’ ಮಾಡೋಣ. ಅದನ್ನು ಕಲಿಯುವ ಕೆಲಸವನ್ನು ಮಾತ್ರ ನಾಳೆಗೆ ‘ಪುಟ್ ಆಫ್’ ಮಾಡುವುದು ಬೇಡ.